ಆ ಒಂದು ಬಿಕ್ಕು

ಆಗಸ್ಟ್ ೬, ಮಂಗಳವಾರ

ಮಾತಾಡುವ ಹಾಗಿಲ್ಲ. ಪಿಸುಗುಟ್ಟುವ ಹಾಗೂ ಇಲ್ಲ, ಅದು ಇನ್ನೂ ಕೆಟ್ಟದ್ದಂತೆ. ಕೆಮ್ಮು ಬಂದರೆ ನೀರು ಕುಡಿಯಬೇಕು, ನಗು ಬಂದರೆ ತಡೆದುಕೊಳ್ಳಬೇಕು. ನಿನ್ನೆ ನನ್ನ ಗಂಟಲಿನ ಗಂಟು ತೆಗೆದ ಡಾಕ್ಟರಮ್ಮ ಇವತ್ತು ಮನೆಗೆ ಕಳಿಸುವಾಗ ನನ್ನ ಹೆಂಡತಿಯ ಕಡೆ ತಿರುಗಿ, "ಎರಡು ವಾರ ಒಂದು ಸದ್ದೂ ಬರಬಾರದು, ನಿಮ್ಮ ಜವಾಬ್ದಾರಿ" ಎಂದರು. ಇವಳು ಎಷ್ಟು ಹುರುಪಿನಿಂದ ತಲೆ ಆಡಿಸಿದಳೆಂದರೆ ನನಗೆ ಅಲ್ಲೇ ಏನಾದರೂ ಅನ್ನಬೇಕೆನಿಸಿತು. ದಾರಿಯಲ್ಲಿ ಒಂದು ಸ್ಲೇಟು, ಈ ಪುಸ್ತಕ ಎರಡನ್ನೂ ಕೊಂಡುಕೊಟ್ಟಳು. "ಸ್ಲೇಟು ನಮಗೆ, ಪುಸ್ತಕ ನಿಮಗೆ. ಎಲ್ಲಾ ಒಳಗೇ ಇಟ್ಕೊಂಡ್ರೆ ನಿಮಗೆ ಹೊಟ್ಟೆ ಉಬ್ಬರಿಸುತ್ತೆ. ನಾನು ಓದಲ್ಲ ಬಿಡಿ" ಎಂದಳು. ಓದುವುದಿಲ್ಲ ಎಂದು ನಂಬಿ ಬರೆಯುತ್ತಿದ್ದೇನೆ.

ಡಾಕ್ಟರಮ್ಮನದು ಚಿಕ್ಕ ವಯಸ್ಸು. ಹಾಡುಗಾರರಲ್ಲಿ ದೊಡ್ಡವರು ಎಂದರೆ ಯಾರೆಂದು ಅವರಿಗೆ ಗೊತ್ತಿಲ್ಲ! ಇವಳು ಬಿಡಿಸಿ ಹೇಳಬೇಕಾಯಿತು.

"ಇವರು ದೊಡ್ಡವರ ಹಾಡು ಹಾಡ್ತಾರೆ ಡಾಕ್ಟ್ರೇ. ಥೇಟ್ ಅವರ ಥರಾನೇ. ಕಣ್ಣು ಮುಚ್ಕೊಂಡು ಕೇಳಿದ್ರೆ ವ್ಯತ್ಯಾಸಾನೇ ಗೊತ್ತಾಗಲ್ಲ."

"ಇವರದೇ ಹಾಡು?"

"ಇವರದು ಅಂತ ಯಾವುದೂ ಇಲ್ಲ."

ಎಷ್ಟು ಸಲೀಸಾಗಿ ಹೇಳಿಬಿಟ್ಟಳು! ಬಾಯಿ ಬಿಡುವ ಹಾಗಿದ್ದರೆ ನಾನು ಹೇಳುತ್ತಿದ್ದೆ: ದೊಡ್ಡವರು ತೀರಿಕೊಂಡು ಬರುವ ಅಕ್ಟೋಬರ್ ಹನ್ನೆರಡಕ್ಕೆ ಹತ್ತು ವರ್ಷ. ಆ ಸಂಜೆ ಕ್ರೀಡಾಂಗಣದಲ್ಲಿ ಅವರ ನೆನಪಿನ ಕಾರ್ಯಕ್ರಮ. ಅವರದರಂಥದ್ದೇ ನೀಲಿ ಕೋಟು ತೊಟ್ಟು ಕೊನೆಯ ಹಾಡು ಹಾಡುವವನು ನಾನು. ಊರಿಗೆಲ್ಲ ನಾನು 'ಜೂನಿಯರ್'. ನನ್ನ ನಿಜವಾದ ಹೆಸರು ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿದೆ.

ಕೊನೆಯ ಹಾಡು ಎಂದರೆ ಬಸ್ಸಿನ ಹಾಡೇ. 'ಕೊನೇ ಬಸ್ಸೂ ಹೋಯಿತು, ನೀನಿನ್ನೂ ಬರಲಿಲ್ಲ.' ಅದರಲ್ಲಿ 'ನೀನಿನ್ನೂ' ಎಂದಮೇಲೆ ದೊಡ್ಡವರ ಗಂಟಲಲ್ಲಿ ಒಂದು ಬಿಕ್ಕು ಬರುತ್ತದೆ, ಆಮೇಲೆ 'ಬರಲಿಲ್ಲ'. ಅಳುವೂ ಅಲ್ಲ, ಉಸಿರೂ ಅಲ್ಲ, ಎರಡರ ನಡುವಿನದು. ಜನ ಸೀಟಿ ಹೊಡೆಯುವುದು ಅಲ್ಲಿಯೇ. ಆ ಬಿಕ್ಕು ಸರಿಯಾಗಿ ಬಂದರೆ ಅವನು ಹಾಡುಗಾರ, ಬಾರದಿದ್ದರೆ ಮೈಕು ಇಟ್ಟು ಮನೆಗೆ ಹೋಗಬೇಕು. ನನಗೆ ಅದು ಒಲಿಯುವುದಕ್ಕೆ ವರ್ಷಗಳೇ ಹಿಡಿದವು.

ಸ್ವರ ವಾಪಸ್ ಬರುತ್ತದೆಯೇ ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದೆ. "ಬರುತ್ತೆ. ಯಾವ ಸ್ವರ ಬರುತ್ತೆ ಅಂತ ನೋಡೋಣ" ಎಂದರು ಡಾಕ್ಟರಮ್ಮ. ಇದೆಂಥ ಉತ್ತರವೋ ನನಗೆ ತಿಳಿಯಲಿಲ್ಲ.

ಆಗಸ್ಟ್ ೮, ಗುರುವಾರ

ಸಿಟ್ಟು ಬಂದಾಗ ಸ್ಲೇಟು ಹುಡುಕುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ. ಬರೆಯುವಷ್ಟರಲ್ಲಿ ಎದುರಿನವರು ಕೋಣೆ ಬಿಟ್ಟು ಹೋಗಿರುತ್ತಾರೆ.

ಇವಳು ಬೆಳಿಗ್ಗೆ ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೋಗುತ್ತಾಳೆ, ಮಗಳು ಕೊರಿಯರ್ ಆಫೀಸಿಗೆ. ಹಗಲೆಲ್ಲ ನಾನು, ಗೋಡೆ, ಗೋಡೆಯ ಮೇಲೆ ದೊಡ್ಡವರ ಫೋಟೋ. ಸಂಜೆ ಮಗಳು ಬಂದವಳೇ ಹಿಂದಿನ ಕೋಣೆಗೆ ಹೋಗಿ ಡ್ರಮ್ಸ್ ಬಡಿಯಲು ಶುರು ಮಾಡುತ್ತಾಳೆ. ಅವಳದೂ ಒಂದು ತಂಡವಿದೆ, ನಾಲ್ಕು ಜನ ಹುಡುಗಿಯರು. ಅದಕ್ಕೆ ಹಾಡು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ತಗಡಿನ ಅಂಗಡಿಗೆ ಗೂಳಿ ನುಗ್ಗಿದ ಹಾಗಿರುತ್ತದೆ. ಇದ್ದಕ್ಕಿದ್ದಂತೆ ಎಲ್ಲ ನಿಂತುಬಿಡುತ್ತದೆ, ಕರೆಂಟ್ ಹೋದ ಹಾಗೆ. ಅಬ್ಬ, ಮುಗಿಯಿತು ಎಂದುಕೊಂಡರೆ ಮತ್ತೆ ಗೂಳಿ.

ಇವತ್ತು ತಡೆಯಲಾರದೆ ಸ್ಲೇಟಿನಲ್ಲಿ ದೊಡ್ಡಕ್ಷರದಲ್ಲಿ 'ತಗಡು ನಿಲ್ಲಿಸು' ಎಂದು ಬರೆದು ಅವಳ ಮೂಗಿಗೆ ಹಿಡಿದೆ. ಅವಳು ಕೋಲು ಕೆಳಗಿಟ್ಟಳು.

"ಅಪ್ಪಾ, ನಾನು ಅಮ್ಮನ ಹೊಟ್ಟೆಯಲ್ಲಿದ್ದಾಗ್ಲಿಂದ ಬಸ್ಸಿನ ಹಾಡು ಕೇಳ್ತಿದ್ದೀನಿ. ಸ್ನಾನಕ್ಕೆ ಹೋದ್ರೆ ಬಿಕ್ಕು, ಊಟಕ್ಕೆ ಕೂತ್ರೆ ಬಿಕ್ಕು. ಈ ಮನೇಲಿ ನನ್ನ ಡ್ರಮ್ಸ್ ನನಗೆ ಕೇಳಿಸ್ತಿರೋದು ಇದೇ ಮೊದಲು. ಎರಡು ವಾರ ತಡ್ಕೋ."

ಉತ್ತರ ಬರೆಯಲು ಸ್ಲೇಟು ಒರೆಸುವಷ್ಟರಲ್ಲಿ ಮತ್ತೆ ಬಡಿತ ಶುರು. ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದೆ.

ಆಗಸ್ಟ್ ೯, ಶುಕ್ರವಾರ

ಹತ್ತಿ ಕೆಲಸಕ್ಕೆ ಬರುವುದಿಲ್ಲ.

ಆಗಸ್ಟ್ ೧೩, ಮಂಗಳವಾರ

ಅಭಿಮಾನಿ ಸಂಘದ ಕಾರ್ಯದರ್ಶಿ ಹಣ್ಣು ಹಿಡಿದುಕೊಂಡು ನೋಡಲು ಬಂದಿದ್ದ. ಹಣ್ಣು ತಂದವನ ಮುಖದಲ್ಲಿ ಕಾಳಜಿಗಿಂತ ಲೆಕ್ಕಾಚಾರವೇ ಜಾಸ್ತಿ ಕಂಡಿತು. ಬಾಯಿ ಬಾರದವನ ಹತ್ತಿರ ಮಾತಾಡುವಾಗ ಜನರಿಗೆ ಅದೇಕೋ ಗಟ್ಟಿಯಾಗಿ ಕಿರುಚಬೇಕೆನಿಸುತ್ತದೆ.

"ಜೂನಿಯರ್, ನೀವು ಆರಾಮಾಗಿ ಸುಧಾರಿಸ್ಕೊಳ್ಳಿ! ಚಿಂತೆ ಮಾಡ್ಬೇಡಿ! ಅಕಸ್ಮಾತ್ ಆಗಲಿಲ್ಲ ಅಂದ್ರೆ ಮರಿ ಇದ್ದಾನೆ!"

ಮರಿ ಎಂದರೆ 'ಮರಿ ಜೂನಿಯರ್'. ಇನ್ನೂ ಮೂವತ್ತು ತುಂಬಿಲ್ಲ. ದೊಡ್ಡವರನ್ನು ಒಮ್ಮೆಯೂ ಕಣ್ಣಾರೆ ಕಂಡವನಲ್ಲ, ನನ್ನನ್ನು ನೋಡಿ ಕಲಿತವನು. ನಾನು ಕೋಟಿನ ತೋಳು ಮೇಲೆಳೆಯುವ ಹಾಗೆಯೇ ಎಳೆಯುತ್ತಾನೆ. ಅದು ದೊಡ್ಡವರ ಅಭ್ಯಾಸವೆಂದು ಅವನ ನಂಬಿಕೆ, ನಿಜ ಹೇಳಬೇಕೆಂದರೆ ನನ್ನ ಕೋಟಿನ ತೋಳು ಉದ್ದ.

'ನಾನೇ ಹಾಡುತ್ತೇನೆ' ಎಂದು ಬರೆದು ತೋರಿಸಿದೆ. ಸೀಮೆಸುಣ್ಣ ಮುರಿಯಿತು. ಕಾರ್ಯದರ್ಶಿ "ಖಂಡಿತಾ, ಖಂಡಿತಾ" ಎನ್ನುತ್ತ ಚಪ್ಪಲಿ ಮೆಟ್ಟಿಕೊಂಡ. ಭಯವಾಗುತ್ತಿದೆ ಎಂದು ಇಲ್ಲಿ ಬರೆದುಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ಭಯವಾಗುತ್ತಿದೆ.

ಆಗಸ್ಟ್ ೨೦, ಮಂಗಳವಾರ

ಇವತ್ತು ಬಾಯಿ ಬಿಡುವ ದಿನ. ಇವಳು ಅಂಗಡಿಗೆ ರಜೆ ಹಾಕಿ ಜೊತೆಗೆ ಬಂದಳು. ಡಾಕ್ಟರಮ್ಮ ಸಣ್ಣ ಕನ್ನಡಿ ಹಾಕಿ ಗಂಟಲು ನೋಡಿದರು, ಚೆನ್ನಾಗಿ ಮಾಗಿದೆ ಎಂದರು. "ಈಗ ಮೆತ್ತಗೆ 'ಆ' ಅನ್ನಿ."

ಅಂದೆ. ಎರಡು ವಾರದಿಂದ ಮುಚ್ಚಿಟ್ಟ ಡಬ್ಬಿಯ ಮುಚ್ಚಳ ತೆಗೆದ ಹಾಗೆ ಒಂದು ಒಣ ಸದ್ದು ಬಂತು.

"ಇದು ನಿಮ್ಮ ದೊಡ್ಡವರದು. ನಿಮ್ಮ ಸ್ವರದಲ್ಲಿ ಅನ್ನಿ."

ಮತ್ತೆ ಅಂದೆ. ಡಾಕ್ಟರಮ್ಮ ತಲೆ ಅಲ್ಲಾಡಿಸಿದರು. ನಿಮ್ಮ ಗಂಟಲು ಕೆಳಗಿನ ಶ್ರುತಿಯದು, ನೀವು ಅದನ್ನು ವರ್ಷಗಟ್ಟಲೆ ಮೇಲಕ್ಕೆಳೆದು ಕಟ್ಟಿದ್ದೀರಿ, ಗಂಟು ಬಂದದ್ದೇ ಅದಕ್ಕೆ, ಮತ್ತೆ ಹಾಗೇ ಮಾಡಿದರೆ ಮತ್ತೆ ಬರುತ್ತದೆ ಎಂದರು. ಹಾಡುವಾಗ ಇರಲಿ, ಮನೆಯಲ್ಲಿ ಚಹಾ ಕೇಳುವಾಗಲೂ ನಾನು ದೊಡ್ಡವರ ಸ್ವರದಲ್ಲೇ ಕೇಳುತ್ತೇನಂತೆ! "ನಿಮ್ಮದು, ನಿಮ್ಮದು" ಎಂದು ಅವರು ಕೇಳುತ್ತಲೇ ಇದ್ದರು. ಎಲ್ಲಿಂದ ತರಲಿ? ಮನೆಯಲ್ಲಿ ಎಲ್ಲೋ ಇಟ್ಟು ಮರೆತ ಕೊಡೆಯೇ ಅದು, ಹುಡುಕಿ ತರಲು?

ಆಗ ಇವಳು ಮೂಲೆಯ ಕುರ್ಚಿಯಿಂದ, "ಬಸ್ ನಿಲ್ದಾಣದಲ್ಲಿ ಕೂಗ್ತಿದ್ರಲ್ಲ, ಅದನ್ನ ಹೇಳಿ" ಎಂದಳು.

ಮದುವೆಗೆ ಮುಂಚೆ ನಾನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಲ್ಲುತ್ತದೆಂದು ಹೇಳುವ ಕೆಲಸದಲ್ಲಿದ್ದೆ. ಅದನ್ನು ಮರೆತೇ ಎಷ್ಟೋ ಕಾಲವಾಗಿದೆ. ನಾಚಿಕೆಯಿಂದ ನೆಲ ನೋಡುತ್ತ, "ಪ್ರಯಾಣಿಕರ ಗಮನಕ್ಕೆ" ಎಂದೆ.

ಬೇರೆ ಯಾರೋ ಮಾತಾಡಿದ ಹಾಗಾಯಿತು. ತಗ್ಗಿನ, ದಪ್ಪನೆಯ ಸ್ವರ. ಡಾಕ್ಟರಮ್ಮ "ಹಾಂ! ಇದೇ!" ಎಂದು ಮೇಜು ತಟ್ಟಿದರು. ಇವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ದಿನಕ್ಕೆ ಸ್ವಲ್ಪ ಹೊತ್ತು ಇದೇ ಸಾಲು ಅಭ್ಯಾಸ ಮಾಡಬೇಕಂತೆ. ದೊಡ್ಡವರ ಹಾಡು ಹಾಡುವವನಿಗೆ ಬಸ್ಸು ಕೂಗುವ ಪಾಠ! ಬರುವಾಗ ದಾರಿಯುದ್ದಕ್ಕೂ ಇವಳು ಒಂದೂ ಮಾತಾಡಲಿಲ್ಲ. ಮಾತಾಡಬೇಡಿ ಎಂದಿದ್ದು ನನಗೆ, ಇವಳಿಗೇನಾಯಿತೋ.

ಆಗಸ್ಟ್ ೨೫, ಭಾನುವಾರ

ಮಗಳ ತಂಡದವಳ ಗಾಡಿ ಕೆಟ್ಟಿತ್ತು. ಡ್ರಮ್ಸ್ ಹೊತ್ತುಕೊಂಡು ಹೋಗಲು ಜನ ಬೇಕೆಂದು ನನ್ನನ್ನು ಎಳೆದುಕೊಂಡು ಹೋದಳು. ಹಳೆಯ ಗೋದಾಮು. ಮುನ್ನೂರು ನಾನೂರು ಹುಡುಗ ಹುಡುಗಿಯರು ನಿಂತೇ ಕೇಳುತ್ತಾರೆ, ಕುರ್ಚಿ ಎಂಬುದೇ ಇಲ್ಲ. ನಾನೊಬ್ಬ ಡ್ರಮ್ಸಿನ ಖಾಲಿ ಪೆಟ್ಟಿಗೆಯ ಮೇಲೆ ಕೂತಿದ್ದೆ.

ಅದೇ ಗೂಳಿ, ಅದೇ ತಗಡು. ಆಮೇಲೆ ಆ ಕರೆಂಟ್ ಹೋಗುವ ಜಾಗ ಬಂತು. ಎಲ್ಲ ವಾದ್ಯ ಒಟ್ಟಿಗೆ ನಿಂತವು. ಆ ಖಾಲಿ ಜಾಗದಲ್ಲಿ ಅಷ್ಟೂ ಜನ ಒಂದೇ ಸಲ "ಹೇ!" ಎಂದರು. ಒಬ್ಬರೂ ಹಿಂದೆ ಬೀಳಲಿಲ್ಲ, ಮುಂದೆ ಹೋಗಲಿಲ್ಲ. ಪೆಟ್ಟಿಗೆಯೂ ನಡುಗಿತು, ಮೇಲಿದ್ದ ನಾನೂ ನಡುಗಿದೆ. ಮನೆಯಲ್ಲಿ ಕೇಳಿದಾಗ ಆ ಜಾಗದಲ್ಲಿ ಜನ ಇರಲಿಲ್ಲ, ಅದಕ್ಕೇ ನನಗೆ ಗೊತ್ತಾಗಿರಲಿಲ್ಲ.

ಬರುವಾಗ "ಹೇಗಿತ್ತು?" ಎಂದಳು. "ಕಿವಿ ಇನ್ನೂ ಗುಂಯ್ ಅಂತಿದೆ" ಎಂದೆ. ಅಷ್ಟೇ ಹೇಳಿದ್ದು. ಈಗ ಬರೆಯುತ್ತ ಬೆರಳಲ್ಲಿ ಮೇಜು ತಟ್ಟುತ್ತಿದ್ದೇನೆಂದು ಇವಳು ಬೈಯುತ್ತಿದ್ದಾಳೆ.

ಸೆಪ್ಟೆಂಬರ್ ೫, ಗುರುವಾರ

ಇವತ್ತು ನಡೆದದ್ದನ್ನು ಹೇಗೆ ಬರೆಯಲಿ.

ಅಕಾರ್ಡಿಯನ್ ಮೇಷ್ಟ್ರು ಮನೆಗೆ ಬಂದಿದ್ದರು. ದೊಡ್ಡವರ ಜೊತೆ ಮೊದಲಿಂದ ಕೊನೆಯವರೆಗೆ ಅಕಾರ್ಡಿಯನ್ ನುಡಿಸಿದವರು ಅವರೊಬ್ಬರೇ, ಈಗಿನ ಕಾರ್ಯಕ್ರಮಕ್ಕೂ ಅವರೇ ಮುಂದಾಳು. ಬಾಯಿ ಸ್ವಲ್ಪ ಒರಟು. ನನ್ನ ಮಾತು ಕೇಳಿದೊಡನೆ ಹುಬ್ಬು ಹಾರಿಸಿದರು. "ಇದ್ಯಾರಯ್ಯಾ ಮಾತಾಡ್ತಿರೋದು?"

"ನಾನೇ ಮೇಷ್ಟ್ರೇ. ಡಾಕ್ಟ್ರು ಹೀಗೇ ಮಾತಾಡು ಅಂದಿದ್ದಾರೆ."

ಅಕಾರ್ಡಿಯನ್ ಬಿಚ್ಚಿ ಬಸ್ಸಿನ ಹಾಡಿನ ಶ್ರುತಿ ಹಿಡಿದರು. ನಾನು ಕೆಳಗಿಳಿಸಿ ಎಂದೆ. ಇಳಿಸಿದರು. ಇನ್ನೂ ಕೆಳಗೆ ಎಂದೆ. ಗೊಣಗುತ್ತ ಇಳಿಸಿದರು. ಪಲ್ಲವಿ ಹಾಡಿದೆ, 'ನೀನಿನ್ನೂ' ಬಂತು, ಅಲ್ಲಿ ನಿಂತುಬಿಟ್ಟೆ. "ಬಿಕ್ಕು ಹಾಕೋಕೆ ಧೈರ್ಯ ಬರ್ತಿಲ್ಲ ಮೇಷ್ಟ್ರೇ. ದೊಡ್ಡವರು ಅದನ್ನ ಅಷ್ಟು ಸುಲಭವಾಗಿ ಹೇಗೆ ಹಾಕ್ತಿದ್ರೋ."

ಮೇಷ್ಟ್ರು ಅಕಾರ್ಡಿಯನ್ ಮಡಚಿದರು.

"ಸುಲಭ? ಆವತ್ತು ಅವನಿಗೆ ಮೈ ಸುಡೋ ಜ್ವರ ಕಣಯ್ಯಾ. ಗಂಟಲು ಊದ್ಕೊಂಡಿತ್ತು. ರೆಕಾರ್ಡಿಂಗ್ ಕೋಣೆ ಮಧ್ಯಾಹ್ನದವರೆಗೆ ಮಾತ್ರ ನಮ್ಮದು. 'ನೀನಿನ್ನೂ' ಅಂದ, ಸ್ವರ ಸಿಕ್ಕಿಹಾಕ್ಕೊಳ್ತು. ಉಗುಳು ನುಂಗಿ 'ಬರಲಿಲ್ಲ' ಅಂದ. ಇನ್ನೊಂದು ಸಲ ಹಾಡ್ತೀನಿ ಅಂತ ಕೈ ಮುಗಿದ. ಹೊತ್ತಿಲ್ಲ ಅಂದ್ರು. ಗ್ರಾಮಫೋನ್ ತಟ್ಟೆ ಹೊರಗೆ ಬಂದಾಗ ಅದನ್ನ ಕೇಳಿ ಅವಮಾನದಿಂದ ಅತ್ತುಬಿಟ್ಟ."

"ಆಮೇಲೆ?"

"ಆಮೇಲೇನು, ಜನಕ್ಕೆ ಅದೇ ಬೇಕಾಯ್ತು. ಒಂದು ಸಲ ಅದಿಲ್ಲದೆ ಶುದ್ಧವಾಗಿ ಹಾಡಿದ. ಕುರ್ಚಿ ಎಸೆದ್ರು. ಅಲ್ಲಿಂದ ಮುಂದೆ ಪ್ರತಿ ಸಲ ಗಂಟಲು ಹಿಸುಕಿಕೊಂಡು ಅದನ್ನ ಹಾಕೋನು. ಕೊನೇ ವರ್ಷಗಳಲ್ಲಿ ಅವನು ಯಾಕೆ ಹಾಡಲಿಲ್ಲ ಅಂದ್ಕೊಂಡಿದ್ದೀಯ? ವೈರಾಗ್ಯ ಅಂತ ಪೇಪರಿನಲ್ಲಿ ಬಂತು. ಸ್ವರಾನೇ ಇರಲಿಲ್ಲ. ನೀರು ಬೇಕಿದ್ರೆ ಲೋಟ ತಟ್ಟಿ ಕರೀತಿದ್ದ."

ನಾನು ಕಲಿತದ್ದು ಒಬ್ಬ ಮನುಷ್ಯನ ಜ್ವರವನ್ನು. ಕನ್ನಡಿ ಮುಂದೆ ನಿಂತು, ತಟ್ಟೆ ಹಿಂದೆ ಮುಂದೆ ಓಡಿಸಿ, ಅದೇ ಊತ, ಅದೇ ಉಗುಳು ನುಂಗುವುದನ್ನು ಕಲಿತೆ. ಅವರ ಕಾಯಿಲೆಯನ್ನು ಎಷ್ಟು ಚೆನ್ನಾಗಿ ಅನುಕರಿಸಿದೆ ಎಂದರೆ ಕಾಯಿಲೆಯೇ ಬಂತು.

"ನನಗೆ ಯಾಕೆ ಮೊದಲೇ ಹೇಳಲಿಲ್ಲ ಮೇಷ್ಟ್ರೇ?" ಎಂದೆ. ಕೂಗಬೇಕೆನಿಸಿತು, ಕೂಗುವ ಹಾಗಿರಲಿಲ್ಲ.

"ನೀನು ಕೇಳಲಿಲ್ಲ. ಅಷ್ಟು ಚೆನ್ನಾಗಿ ಮಾಡ್ತಿದ್ದೆ, ನನಗೂ ಅವನು ಬದುಕಿದ್ದಾನೆ ಅನ್ನಿಸ್ತಿತ್ತು" ಎಂದು ಮೇಷ್ಟ್ರು ಮೂಗು ಒರೆಸಿಕೊಂಡರು.

ಸೆಪ್ಟೆಂಬರ್ ೬, ಶುಕ್ರವಾರ

ಗೋಡೆಯ ಫೋಟೋದಲ್ಲಿ ದೊಡ್ಡವರು ಕುತ್ತಿಗೆಗೆ ಶಾಲು ಸುತ್ತಿಕೊಂಡಿದ್ದಾರೆ. ಇಷ್ಟು ವರ್ಷ ಅದನ್ನು ಶೋಕಿ ಎಂದುಕೊಂಡಿದ್ದೆ.

ಸೆಪ್ಟೆಂಬರ್ ೧೮, ಬುಧವಾರ

ಮತ್ತೆ ಸ್ಲೇಟು ಕೈಗೆ ಬಂದಿದೆ.

ಎಲ್ಲ ಗೊತ್ತಿದ್ದೂ ಮಾಡಿದೆ. ನಿನ್ನೆ ಕಾರ್ಯದರ್ಶಿ ಫೋನ್ ಮಾಡಿ, "ಬಿಕ್ಕು ಬರ್ತಿದೆ ತಾನೇ? ಮರಿ ಬಿಕ್ಕು ಹಾಕಿದ್ರೆ ನೀರು ಕುಡಿದಷ್ಟು ಸಲೀಸು" ಎಂದ. ಇವತ್ತು ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಹೋದರೆಂದು ಸ್ನಾನದ ಮನೆಗೆ ಹೋಗಿ, ನಲ್ಲಿ ತಿರುಗಿಸಿ, ಬಿಕ್ಕು ಹಾಕಿದೆ. ಮೊದಲ ಸಲ ಸರಿಯಾಗಿ ಬರಲಿಲ್ಲ. ಎರಡನೆಯದು ಪರವಾಗಿಲ್ಲ. ಮೂರನೆಯದು ಥೇಟ್ ದೊಡ್ಡವರದೇ! ಖುಷಿಯಲ್ಲಿ ಇನ್ನೂ ಎಷ್ಟು ಸಲ ಹಾಕಿದೆನೋ. ಆಮೇಲೆ ಹಾಡಲು ಬಾಯಿ ತೆರೆದರೆ ಬರೀ ಗಾಳಿ.

ಬಾಗಿಲು ತೆರೆದರೆ ಮಗಳು ನಿಂತಿದ್ದಾಳೆ. ಆಫೀಸಿನ ಗುರುತಿನ ಚೀಟಿ ಮರೆತು ವಾಪಸ್ ಬಂದಿದ್ದಳು.

"ಹುಚ್ಚು ಹಿಡಿದಿದೆಯಾ ನಿಂಗೆ?" ಎಂದು ಕಿರುಚಿದಳು. "ಸತ್ತವರಿಗೋಸ್ಕರ ಗಂಟಲು ಕುಯ್ಕೋತೀಯಾ? ನಿನ್ನ ಸ್ವರ ನಾನು ಕೇಳಿದ್ದೇ ಹೋದ ತಿಂಗಳು ಅಪ್ಪಾ! ಇಷ್ಟು ವರ್ಷ ನನಗೆ ಬೈದಿದ್ದೂ ಅವರ ಸ್ವರದಲ್ಲೇ, ಮುದ್ದು ಮಾಡಿದ್ದೂ ಅವರ ಸ್ವರದಲ್ಲೇ. ಈಗ ಸಿಕ್ಕಿದ ಅಪ್ಪನ್ನ ನೀರಲ್ಲಿ ಬಿಡ್ತಿದ್ದೀಯ."

ಉತ್ತರ ಕೊಡಲು ಬಾಯಿ ತೆರೆದೆ. ಮತ್ತೆ ಗಾಳಿ. ಅವಳು ಬಚ್ಚಲ ನಲ್ಲಿ ನಿಲ್ಲಿಸಿ, ಗೋಡೆಗೆ ಒರಗಿ ಕೂತು ಅತ್ತಳು. ಆಫೀಸಿಗೆ ಹೋಗಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಒದ್ದೆ ನೆಲದ ಮೇಲೆ ಇಬ್ಬರೂ ಬಹಳ ಹೊತ್ತು ಕೂತಿದ್ದೆವು.

ಸೆಪ್ಟೆಂಬರ್ ೧೯, ಗುರುವಾರ

ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬರೀ ಊತ, ಇಳಿಯುತ್ತದೆ, ಆದರೆ ಹೀಗೆ ಇನ್ನೊಂದು ಸಲ ಆಗಿ ಗಾಯದ ಜಾಗ ಗಟ್ಟಿಯಾದರೆ ತಾನೇನೂ ಮಾಡಲಾಗದು ಎಂದರು. "ಹಾಡು ಬಿಡಿ, ಮಾತೂ ಕಷ್ಟ."

ಸಂಜೆ ಬಟ್ಟೆ ಮಡಚುತ್ತ, ನನ್ನ ಮುಖ ನೋಡದೆ ಇವಳು ಹೇಳಿದಳು: "ಆಗ ನಾನು ನಿಮ್ಮ ಸ್ವರ ಕೇಳೋಕೇ ಅಂತ ನನ್ನ ಬಸ್ ಬಿಟ್ಟು ಮುಂದಿನದಕ್ಕೆ ಹೋಗ್ತಿದ್ದೆ. ಮನೇಲಿ ತಡ ಆಯ್ತು ಅಂತ ಬೈಸ್ಕೊಳ್ತಿದ್ದೆ. ಮದುವೆ ಆದ ವರ್ಷಾನೇ ನೀವು ಅವರ ಥರ ಮಾತಾಡೋಕೆ ಶುರು ಮಾಡಿದ್ರಿ. ನಿಮ್ಮ ಖುಷಿ ಅಂತ ಸುಮ್ಮನಿದ್ದೆ."

ಇದನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡವಳು ನನಗೆ ಪುಸ್ತಕ ಕೊಡಿಸಿದ್ದಾಳೆ.

ಸೆಪ್ಟೆಂಬರ್ ೨೯, ಭಾನುವಾರ

ಸ್ವರ ಬಂದಿದೆ. ತಗ್ಗಿನದೇ. ಕಾರ್ಯದರ್ಶಿ, ಮೇಷ್ಟ್ರು ಇಬ್ಬರೂ ಮನೆಗೆ ಬಂದು ಕೂತರು. ತಗ್ಗಿನ ಶ್ರುತಿಯಲ್ಲಿ, ಬಿಕ್ಕಿಲ್ಲದೆ ಹಾಡುತ್ತೇನೆ ಎಂದು ಖಡಾಖಂಡಿತವಾಗಿ ಹೇಳಿದೆ. ಕಾರ್ಯದರ್ಶಿಯ ಮುಖ ಹುಳ್ಳಗಾಯಿತು.

"ಹಾಗಾದ್ರೆ ಒಂದು ಕೆಲಸ ಮಾಡೋಣ. ನಿಮ್ಮದೇ ಹಳೇ ರೆಕಾರ್ಡಿಂಗ್ ಹಾಕ್ತೀವಿ, ನೀವು ತುಟಿ ಆಡಿಸಿ ಸಾಕು."

ದೊಡ್ಡವರ ನಕಲು ನಾನು. ಇನ್ನು ನನ್ನ ನಕಲು ಮಾಡಲು ನನ್ನನ್ನೇ ಕರೆಯುತ್ತಾನೆ! ಆಗುವುದಿಲ್ಲ ಎಂದೆ.

"ಜನ ಬರೋದೇ ಆ ಬಿಕ್ಕಿಗೆ ಸ್ವಾಮೀ. ಅದಿಲ್ದೆ ಹಾಡಿದ್ರೆ ಸುಮ್ಮನೆ ಬಿಡ್ತಾರಾ? ಮರೀನ ಪಕ್ಕದಲ್ಲಿ ನಿಲ್ಲಿಸಿರ್ತೀನಿ. ಗಲಾಟೆ ಆದ್ರೆ ಅವನು ಬರ್ತಾನೆ, ನೀವು ಇಳೀತೀರಿ. ಆಮೇಲೆ ಬೇಜಾರು ಮಾಡ್ಕೋಬಾರ್ದು."

ಒಪ್ಪಿಕೊಂಡೆ. ಬೇರೆ ದಾರಿ ಇರಲಿಲ್ಲ. ಇಳಿದರೆ ಮತ್ತೆ ಯಾರೂ ಹತ್ತಿಸುವುದಿಲ್ಲ, ಅದು ಮೂವರಿಗೂ ಗೊತ್ತಿತ್ತು.

ಅವರು ಹೋದಮೇಲೆ ಮಗಳು ಒಳಗಿನಿಂದ ಬಂದಳು. ಎಲ್ಲ ಕೇಳಿಸಿಕೊಂಡಿದ್ದಾಳೆ. "ಬಿಕ್ಕು ಬರೋ ಜಾಗದಲ್ಲಿ ನೀನೇನು ಮಾಡ್ತೀಯ?"

"ಉಸಿರು ಬಿಡದೆ ಮುಂದಕ್ಕೆ ಹೋಗ್ತೀನಿ. ಗೊತ್ತಾಗೋಕೆ ಮುಂಚೆ ದಾಟಿಬಿಡ್ತೀನಿ."

"ದಾಟಬೇಡ. ನಿಂತ್ಬಿಡು. ಎಲ್ಲಾ ನಿಲ್ಲಿಸು, ಅಕಾರ್ಡಿಯನ್ನೂ. ಜಾಗ ಖಾಲಿ ಬಿಡು."

"ಖಾಲಿ ಬಿಟ್ರೆ ಕುರ್ಚಿ ಬಂದು ಬೀಳುತ್ತೆ."

"ಬೀಳಬಹುದು" ಎಂದಳು ಪುಣ್ಯಾತ್ಗಿತ್ತಿ. "ಆದ್ರೆ ನೀನು ಹೆದರಿಕೊಂಡು ಬೇಗ ಶುರು ಮಾಡಿದ್ರೆ ಕೆಟ್ಟೆ. ಮನಸ್ಸಲ್ಲಿ ನಾಲ್ಕು ಎಣಿಸು."

ಹಿಂದಿನ ಕೋಣೆಯಲ್ಲಿ ಅವಳು ಡ್ರಮ್ಸಿನ ಮೇಲೆ ಮೆತ್ತಗೆ ನಡೆ ಹಿಡಿದಳು, ನಾನು ಹಾಡಿದೆ, 'ನೀನಿನ್ನೂ' ಎಂದು ನಿಂತೆ. ನಾಲ್ಕು ಎಣಿಸುವುದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ. ಎರಡಕ್ಕೇ ಬಾಯಿ ಓಡುತ್ತದೆ. ಊಟಕ್ಕೆ ಕರೆಯುವವರೆಗೆ ಅದನ್ನೇ ಮಾಡಿದೆವು.

ಅಕ್ಟೋಬರ್ ೧೧, ಶುಕ್ರವಾರ

ಊಟ ಸೇರಲಿಲ್ಲ. ಇವಳು ಕೋಟಿಗೆ ಇಸ್ತ್ರಿ ಹಾಕಿ ತೂಗುಹಾಕಿದ್ದಾಳೆ, ತೋಳು ನನ್ನ ಅಳತೆಗೆ ಮಡಚಿ ಹೊಲಿದಿದ್ದಾಳೆ. ನಾಳೆ.

ಅಕ್ಟೋಬರ್ ೧೩, ಭಾನುವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಕ್ರೀಡಾಂಗಣ ತುಂಬಿತ್ತು. ಅರ್ಧಕ್ಕರ್ಧ ಜನ ನೀಲಿ ಬಟ್ಟೆಯಲ್ಲಿ ಬಂದಿದ್ದರು. ವೇದಿಕೆಯ ಪಕ್ಕದ ಪರದೆಯ ಹಿಂದೆ ಮರಿ ನೀಲಿ ಕೋಟು ತೊಟ್ಟು ನಿಂತಿದ್ದ. "ಅಣ್ಣಾ, ನಾನಾಗಿ ಬಂದಿದ್ದಲ್ಲ, ಅವರು ನಿಲ್ಲು ಅಂದ್ರು" ಎಂದ. ಅವನ ಕೈಯಲ್ಲಿ ಮೈಕು ಆಗಲೇ ಇತ್ತು. ನಾನು ಮುಂದೆ ಹೋದೆ.

ದೀಪಗಳು ಮುಖಕ್ಕೆ ಹೊಡೆದವು. ಚಪ್ಪಾಳೆ ನಿಂತಿತು. ದೊಡ್ಡವರ ಹಾಗೆ ಕೈಯೆತ್ತಿ ನಮಸ್ಕಾರ ಹೇಳಬೇಕು. ಆದರೆ ತಿಂಗಳಿಡೀ ಬೆಳಿಗ್ಗೆ ಎದ್ದು ಹೇಳಿದ ಸಾಲೇ ಹೊರಗೆ ಬಂತು.

"ಪ್ರಯಾಣಿಕರ ಗಮನಕ್ಕೆ."

ಎಲ್ಲೋ ಒಬ್ಬ ನಕ್ಕ, ಆಮೇಲೆ ಇಡೀ ಕ್ರೀಡಾಂಗಣ ನಕ್ಕಿತು. ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದವನು ಮುಂದುವರಿಸಲೇಬೇಕಲ್ಲ. "ಕೊನೇ ಬಸ್ಸು ಈಗ ಹೊರಡಲಿದೆ" ಎಂದೆ. ಮೇಷ್ಟ್ರು ಸಮಯಕ್ಕೆ ಸರಿಯಾಗಿ ಅಕಾರ್ಡಿಯನ್ ಎಳೆದರು, ಬದುಕಿಸಿದರು.

ಪಲ್ಲವಿ ಹಾಡಿದೆ. ತಗ್ಗಿನ ಸ್ವರಕ್ಕೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದದ್ದು ನನಗೆ ಕಾಣುತ್ತಿತ್ತು. 'ನೀನಿನ್ನೂ' ಬಂತು. ಕೈಯೆತ್ತಿದೆ. ಅಕಾರ್ಡಿಯನ್ ನಿಂತಿತು, ಎಲ್ಲವೂ ನಿಂತಿತು.

ಒಂದು. ಎರಡು. ಏನೂ ಇಲ್ಲ. ಮೂರು. ಹಿಂದಿನಿಂದ ಒಬ್ಬ, "ಬಿಕ್ಕು ಎಲ್ಲಯ್ಯಾ?" ಎಂದು ಕೂಗಿದ. ಸಿಳ್ಳೆಗಳು, ಒಳ್ಳೆಯ ಸಿಳ್ಳೆಗಳಲ್ಲ. ನಾಲ್ಕು. 'ಬರಲಿಲ್ಲ' ಎಂದೆ. ಕಾರ್ಯದರ್ಶಿ ಪರದೆಯ ಸಂದಿಯಿಂದ ಇಳಿ, ಇಳಿ ಎಂದು ಕೈ ಮಾಡುತ್ತಿದ್ದ. ಮರಿ ಒಂದು ಹೆಜ್ಜೆ ಮುಂದೆ ಬಂದಿದ್ದ.

ನನ್ನ ಗಂಟಲಲ್ಲಿ ಬಿಕ್ಕು ಸಿದ್ಧವಾಗಿತ್ತು. ಅದನ್ನು ಇಲ್ಲಿ ಸುಳ್ಳಿಲ್ಲದೆ ಬರೆಯುತ್ತೇನೆ. ಒಂದೇ ಒಂದು ಸಲ ಹಾಕಿದ್ದರೆ ಎಲ್ಲರೂ ನನ್ನವರಾಗುತ್ತಿದ್ದರು. ಮುಂದಿನ ಸಾಲಿನಲ್ಲಿ ಇವಳು ಕೂತಿದ್ದಳು. ಪಕ್ಕದಲ್ಲಿ ಮಗಳು, ಎರಡು ಬೆರಳಿಂದ ಮೊಣಕಾಲು ತಟ್ಟುತ್ತ, ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು.

ಚರಣ ಮುಗಿದು ಮತ್ತೆ ಪಲ್ಲವಿ. ಮತ್ತೆ 'ನೀನಿನ್ನೂ'. ಮತ್ತೆ ಕೈಯೆತ್ತಿದೆ. ಒಂದು. ಎರಡು.

ಎಡಗಡೆ, ನಾಲ್ಕನೆಯ ಸಾಲಿನಲ್ಲೋ ಐದನೆಯದರಲ್ಲೋ, ಒಬ್ಬ ವಯಸ್ಸಾದ ಹೆಂಗಸು ಬಿಕ್ಕಿದಳು. ಹಾಡಿನ ಬಿಕ್ಕೇ, ಅದೇ ಜಾಗದಲ್ಲಿ. ಅವಳ ಬಾಯಲ್ಲಿ ಅದು ಪಕ್ಕಾ ಇರಲಿಲ್ಲ, ಆದರೆ ಸ್ಪಷ್ಟವಾಗಿ ಕೇಳಿಸಿತು. ಸುತ್ತಲಿನವರು ತಿರುಗಿ ನೋಡಿದರು. ನಾನು 'ಬರಲಿಲ್ಲ' ಎಂದೆ. ಸಿಳ್ಳೆಗಳು ನಿಂತವು.

ಮೂರನೆಯ ಸಲ ನಾನು ಕೈಯೆತ್ತುವ ಮೊದಲೇ ಎಲ್ಲರೂ ಉಸಿರು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ ಅಷ್ಟೂ ಜನ ಒಟ್ಟಿಗೆ ಆ ಬಿಕ್ಕು ಹಾಕಿದರು. ಒಬ್ಬರೂ ಹಿಂದೆ ಬೀಳಲಿಲ್ಲ, ಮುಂದೆ ಹೋಗಲಿಲ್ಲ. ಎಲ್ಲರಿಗೂ ಬರುತ್ತಿತ್ತು! ಇಷ್ಟು ವರ್ಷ ಅದು ನನಗೊಬ್ಬನಿಗೇ ಬರುತ್ತದೆಂದು ತಿಳಿದಿದ್ದೆ. ನಾನು 'ಬರಲಿಲ್ಲ' ಎನ್ನುವುದಕ್ಕೆ ಸ್ವಲ್ಪ ತಡವಾಯಿತು. ಗಂಟಲು ಚೆನ್ನಾಗಿತ್ತು, ಕಣ್ಣು ಮಂಜಾಗಿತ್ತು.

ಮೇಷ್ಟ್ರು ಅಕಾರ್ಡಿಯನ್ ಮೇಲೆ ತಲೆಯಿಟ್ಟುಕೊಂಡು ಬಹಳ ಹೊತ್ತು ಏಳಲೇ ಇಲ್ಲ. ಕಾರ್ಯದರ್ಶಿ ಓಡಿಬಂದು, ಇದೆಲ್ಲ ತನ್ನದೇ ಯೋಚನೆ ಎಂಬಂತೆ ಪತ್ರಿಕೆಯವರ ಮುಂದೆ ನನ್ನ ಹೆಗಲ ಮೇಲೆ ಕೈ ಹಾಕಿದ. ಮನೆಗೆ ಬಂದಮೇಲೆ ಮಗಳು ಹೇಳಿದ್ದಿಷ್ಟೇ: "ಎರಡನೇ ಸಲ ನಾಲ್ಕು ಎಣಿಸದೆ ಮೂರೂವರೆಗೇ ಶುರು ಮಾಡಿದೆ." ಹೌದು, ಮಾಡಿದ್ದೆ.

ಅಕ್ಟೋಬರ್ ೨೭, ಭಾನುವಾರ

ಬಹಳ ದಿನ ಬರೆದಿಲ್ಲ. ಮಾತಾಡಲು ಬಂದಮೇಲೆ ಇದಕ್ಕೆ ಪುರುಸೊತ್ತಿಲ್ಲ.

ಮಧ್ಯಾಹ್ನ ಮಗಳು ನಗು ತಡೆಯಲಾರದೆ ಫೋನ್ ಹಿಡಿದು ಬಂದಳು. ಮರಿಯ ನಿನ್ನೆಯ ಕಾರ್ಯಕ್ರಮವಂತೆ. ಯಾವುದೋ ಸಭಾಂಗಣ, ನೀಲಿ ಕೋಟು. ಅವನು ಮೈಕಿನ ಮುಂದೆ ಬಂದು ನಿಂತು, ಕೋಟಿನ ತೋಳು ಒಮ್ಮೆ ಮೇಲೆಳೆದು, "ಪ್ರಯಾಣಿಕರ ಗಮನಕ್ಕೆ" ಎಂದ. ನನ್ನ ಸ್ವರದಲ್ಲಿ! ತಗ್ಗಿಸಿ, ದಪ್ಪ ಮಾಡಿ, ಥೇಟ್ ನಾನೇ. 'ನೀನಿನ್ನೂ' ಬಂದಾಗ ಕೈಯೆತ್ತಿದ. ಜನ ಬಿಕ್ಕು ಹಾಕಿದರು.

"ಕಳ್ಳ! ಕದಿಯೋಕೆ ಅವನಿಗೆ ನಾನೇ ಸಿಕ್ಕಿದ್ನಾ?" ಎಂದೆ. ಇವಳು ಅಡಿಗೆಮನೆಯಿಂದ ಇಣುಕಿ, "ಯಾರು ಹೇಳ್ತಿದ್ದಾರೆ ನೋಡಿ" ಎಂದು ಒಳಗೆ ಹೋದಳು. ಮಗಳು ನೆಲದ ಮೇಲೆ ಬಿದ್ದು ನಕ್ಕಳು.

ಇನ್ನೊಂದು ಸಲ ಹಾಕು ಎಂದೆ. ಹಾಕಿದಳು. ಈ ಸಲ ಕಣ್ಣು ಮುಚ್ಚಿಕೊಂಡು ಕೇಳಿದೆ. ಮರಿಯದು ತೆಳು ಸ್ವರ, ಮೇಲಿನ ಶ್ರುತಿಯದು. ಅದನ್ನು ನನ್ನ ತಗ್ಗಿಗೆ ಇಳಿಸಲು ಗಂಟಲನ್ನು ಕೆಳಕ್ಕೆ ಒತ್ತುತ್ತಿದ್ದಾನೆ. ಎರಡನೆಯ ಚರಣ ಮುಗಿಯುವ ಹೊತ್ತಿಗೆ ಅಂಚಿನಲ್ಲಿ ಒಂದು ಸಣ್ಣ ಕೀರಲು ಬರುತ್ತದೆ. ಜನಕ್ಕೆ ಕೇಳಿಸುವುದಿಲ್ಲ, ನನಗೆ ಕೇಳಿಸಿತು. ನನಗೂ ಮೊದಲು ಅಷ್ಟೇ ಇತ್ತು.

ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ, ಹೆದರಿಕೆಯಾಯಿತು. ಫೋನ್ ಮಾಡಿದೆ.

"ಅಣ್ಣಾ, ಬೇಜಾರಾಯ್ತಾ?" ಎಂದ. ಅವನು ಮಾತಾಡುತ್ತಿದ್ದದ್ದೂ ನನ್ನ ಸ್ವರದಲ್ಲೇ.

"ಬೇಜಾರು ಆಮೇಲೆ ಮಾಡ್ಕೋತೀನಿ. ನಾಳೆ ಬೆಳಿಗ್ಗೆ ಮನೆಗೆ ಬಾ. ಇಬ್ಬರೂ ಡಾಕ್ಟರಮ್ಮನ ಹತ್ರ ಹೋಗೋಣ."

"ನಂಗೇನಾಗಿದೆ ಅಣ್ಣಾ?"

"ಏನೂ ಆಗಿಲ್ಲ ಕಣೋ, ಅದಕ್ಕೇ ಈಗಲೇ ಬಾ ಅಂದಿದ್ದು. ಅವರು 'ಆ' ಅನ್ನಿ ಅಂತಾರೆ. ಅಲ್ಲಿ ನನ್ನ ಥರ ಅನ್ಬೇಡ."

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ನಾನು ಫೋನ್ ಕಿವಿಗೆ ಒತ್ತಿ ಹಿಡಿದು, ಆತುರಪಡದೆ, ಪೂರ್ತಿ ನಾಲ್ಕು ಎಣಿಸಿದೆ.

"ಮತ್ತೆ ಯಾರ ಥರ ಅನ್ನಲಿ ಅಣ್ಣಾ?" ಎಂದ. ತೆಳ್ಳಗಿನ, ಹುಡುಗನಂಥ ಸ್ವರ. ಅದನ್ನು ನಾನು ಕೇಳಿದ್ದು ಅದೇ ಮೊದಲು.